ಮೊದಲ ಕಂತು ನೀವು ಕಟ್ಟಬೇಡಿ: ಹೊಸ ಇನ್ಶೂರೆನ್ಸ್ ಏಜೆಂಟರಿಗೆ ಒಂದು ಮಾತು

ನಮಸ್ಕಾರ. ಹೋದ ವಿಡಿಯೋ ಕೆಳಗೆ ಒಬ್ಬರು ಕಾಮೆಂಟ್ ಹಾಕಿದ್ದಾರೆ, ಓದುತ್ತೇನೆ ಕೇಳಿ. "ಸರ್, ಹೊಸದಾಗಿ ಏಜೆನ್ಸಿ ತಗೊಂಡಿದ್ದೀನಿ. ಕಮಿಷನ್ ವಾಪಸ್ ಕೊಡದೆ ಇಲ್ಲಿ ಯಾರೂ ಪಾಲಿಸಿ ಮಾಡಿಸಲ್ಲ. ನೀವು ಹೇಳೋದೆಲ್ಲ ಪುಸ್ತಕದ ಮಾತು." ಅದಕ್ಕೆ ಲೈಕ್ ಮೇಲೆ ಲೈಕ್ ಬೇರೆ!

ಇವತ್ತು ಟರ್ಮ್ ಪ್ಲಾನ್ ಬಗ್ಗೆ ಮಾತಾಡಬೇಕಿತ್ತು. ಅದು ಇರಲಿ ಬಿಡಿ, ಮುಂದಿನ ಸಲ. ಇವತ್ತು ಒಂದೇ ಮಾತು. ಗ್ರಾಹಕರಿಗೆ ಕಮಿಷನ್ ವಾಪಸ್ ಕೊಡಬೇಡಿ. ನಗದಾಗಿ ಕೊಡೋದೂ ಬೇಡ, ಅವರ ಮೊದಲ ಕಂತು ನೀವೇ ಕಟ್ಟೋದೂ ಬೇಡ.

ಪುಸ್ತಕದ ಮಾತು ಅಂದಿರಲ್ವಾ, ಪುಸ್ತಕದಿಂದಲೇ ಶುರು ಮಾಡೋಣ. 1938ರ ವಿಮಾ ಕಾಯ್ದೆ, ಸೆಕ್ಷನ್ 41. ಏಜೆಂಟ್ ಆಗೋಕೆ ಬರೆಯೋ ಐಸಿ-38 ಪರೀಕ್ಷೆಗೆ ಓದುವಾಗ ನೋಡಿದ್ದೀರಿ. ಪ್ರಪೋಸಲ್ ಫಾರಂನಲ್ಲೂ, ಅಂದರೆ ಪಾಲಿಸಿ ಅರ್ಜಿಯಲ್ಲೂ, ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತದೆ. ರಿಬೇಟ್, ಅಂದರೆ ಹೀಗೆ ಕಮಿಷನ್‌ನಲ್ಲಿ ವಾಪಸ್ ಬಿಡೋದು. ಅದನ್ನು ಕೊಡೋದೂ ತಪ್ಪು, ತಗೊಳ್ಳೋದೂ ತಪ್ಪು, ದಂಡ 10 ಲಕ್ಷ ರೂಪಾಯಿವರೆಗೆ. ಅಂದರೆ ಗ್ರಾಹಕ ಸಹಿ ಹಾಕೋ ಕಾಗದದ ಮೇಲೇ ಇದು ಬರೆದಿದೆ. ಅದೇ ಕಾಗದ ಮುಂದಿಟ್ಟುಕೊಂಡು "ನನಗೆಷ್ಟು ಬಿಡ್ತೀರಿ?" ಅಂತ ಕೇಳ್ತಾರೆ. ನೀವು ತಲೆ ಆಡಿಸ್ತೀರಿ.

"ಯಾರು ಹಿಡೀತಾರೆ ಸರ್?" ಅಂತೀರಾ? ಸರಿ, ಹಿಡಿಯೋದು ಬೇಡ. ಲೆಕ್ಕ ನೋಡಿ. ಒಂದು ಫ್ಯಾಮಿಲಿ ಫ್ಲೋಟರ್, ಅಂದರೆ ಇಡೀ ಮನೆಗೆ ಒಂದೇ ಹೆಲ್ತ್ ಪಾಲಿಸಿ, ಪ್ರೀಮಿಯಂ 25,000 ಅಂತಿಟ್ಟುಕೊಳ್ಳಿ. ಕಮಿಷನ್ ಶೇ 15 ಅಂದರೆ 3,750. ಅದರಲ್ಲಿ 3,000 ನಗದಾಗಿ ಗ್ರಾಹಕರ ಕೈಗೆ ಹೋಯ್ತು. ಆದರೆ ಕಂಪನಿ ಲೆಕ್ಕದಲ್ಲಿ, ಆದಾಯ ತೆರಿಗೆ ಲೆಕ್ಕದಲ್ಲಿ, ಪೂರ್ತಿ 3,750 ನಿಮ್ಮ ಹೆಸರಲ್ಲೇ ಇದೆ. ಕೊಟ್ಟ ದುಡ್ಡನ್ನು ಖರ್ಚು ಅಂತ ತೋರಿಸೋಕೂ ಬರಲ್ಲ, ಯಾಕಂದರೆ ಕಾನೂನೇ ಬೇಡ ಅಂದಿರೋ ಖರ್ಚು ಅದು. ದುಡ್ಡು ಅವರ ಜೇಬಿಗೆ, ತೆರಿಗೆ ನಿಮ್ಮ ತಲೆಗೆ! ಉಳಿದ 750ರಲ್ಲಿ ಪೆಟ್ರೋಲ್ ಹಾಕಿಸಬೇಕು, ಫೋನ್ ರೀಚಾರ್ಜ್ ಮಾಡಿಸಬೇಕು, ಮನೆ ನಡೆಸಬೇಕು. ಸ್ವಂತ ಏಜೆನ್ಸಿ ಅಂದರೆ ಸಂಬಳ ಇಲ್ಲ, ಪಿಎಫ್ ಇಲ್ಲ, ಭತ್ಯೆ ಇಲ್ಲ. ಆ ಕಮಿಷನ್ನೇ ನಿಮ್ಮ ಸಂಬಳ. ಸಂಬಳ ವಾಪಸ್ ಕೊಡಬೇಡಿ.

ಇನ್ನೊಂದು ಮಾತು, ಇದನ್ನು ಯಾರೂ ಹೇಳಲ್ಲ. ಮೊದಲ ವರ್ಷ ಕೊಟ್ಟರೆ ಎರಡನೇ ವರ್ಷವೂ ಕೇಳ್ತಾರೆ. ಹೆಲ್ತ್ ಪಾಲಿಸಿ ಪ್ರತಿ ವರ್ಷ ರಿನ್ಯೂವಲ್ ಆಗಬೇಕು, ಅಲ್ವಾ? ಈ ವರ್ಷ 3,000 ಬಿಟ್ಟಿರಿ, ಮುಂದಿನ ವರ್ಷ ಪಕ್ಕದ ಬೀದಿಯವನು 3,500 ಬಿಡ್ತಾನೆ. ಗ್ರಾಹಕ ಆ ಕಡೆ. ನಿಮ್ಮ ಹತ್ತಿರ ಬಂದಿದ್ದು ರಿಯಾಯಿತಿಗೆ, ಹೋಗಿದ್ದೂ ರಿಯಾಯಿತಿಗೆ. ಅವರನ್ನು ಬೈದು ಏನು ಪ್ರಯೋಜನ? ಆ ಅಭ್ಯಾಸ ಮಾಡಿಸಿದ್ದು ನೀವೇ.

ವಿಡಿಯೋ ಇಷ್ಟ ಆಗ್ತಿದ್ದರೆ ಒಂದು ಲೈಕ್ ಕೊಡಿ. ಲೈಕ್ ಕೇಳೋದಕ್ಕೆ ಸೆಕ್ಷನ್ 41 ಅಡ್ಡ ಬರಲ್ಲ!

ಈಗ ಕ್ಲೇಮಿಗೆ ಬನ್ನಿ. ನನಗೆ ಸಿಟ್ಟು ಬರೋದು ಇಲ್ಲಿ. ರಿಬೇಟ್ ಕೊಟ್ಟು ಪಾಲಿಸಿ ಮಾಡೋನಿಗೆ ಒಂದೊಂದು ಪಾಲಿಸಿಯಲ್ಲೂ ಸಿಗೋದು ಚಿಲ್ಲರೆ. ಹಾಗಾಗಿ ಬೇಗ ಬೇಗ ಮುಗಿಸಬೇಕು. ಶುಗರ್ ಇದೆಯಾ? ಇಲ್ಲ. ಬಿಪಿ? ಇಲ್ಲ. ಆಪರೇಷನ್? ಇಲ್ಲ. ಯಾರನ್ನೂ ಕೇಳದೆ ಎಲ್ಲದಕ್ಕೂ "ಇಲ್ಲ" ಟಿಕ್. ಎರಡು ವರ್ಷ ಆದ ಮೇಲೆ ಆ ಮನೆಯ ಯಜಮಾನರು ಎದೆನೋವು ಅಂತ ಅಡ್ಮಿಟ್ ಆಗ್ತಾರೆ. ಕೇಸ್ ಶೀಟ್‌ನಲ್ಲಿ ಡಾಕ್ಟರ್ ಒಂದು ಸಾಲು ಬರೀತಾರೆ: "ಕೆ/ಸಿ/ಒ ಡಿಎಂ, 8 ವರ್ಷದಿಂದ." ಎಂಟು ವರ್ಷದಿಂದ ಶುಗರ್ ಇದೆ ಅಂತ. ಮುಗೀತು. ಕ್ಯಾಶ್‌ಲೆಸ್, ಅಂದರೆ ಕಂಪನಿ ನೇರವಾಗಿ ಆಸ್ಪತ್ರೆಗೆ ಬಿಲ್ ಕಟ್ಟೋದು, ನಿಂತಿತು. ಮಗಳು ಬಿಲ್ಲಿಂಗ್ ಕೌಂಟರ್ ಮುಂದೆ ನಿಂತು ಏಜೆಂಟರಿಗೆ ಫೋನ್ ಮಾಡ್ತಾಳೆ. ಸ್ವಿಚ್ ಆಫ್! ಅವನು ಈಗ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ಯಾಕೆ ಬಿಟ್ಟ? ಹೊಟ್ಟೆ ತುಂಬಲಿಲ್ಲ, ಅದಕ್ಕೆ ಬಿಟ್ಟ. ಯಾಕೆ ತುಂಬಲಿಲ್ಲ? ಎಲ್ಲ ವಾಪಸ್ ಕೊಟ್ಟುಬಿಟ್ಟಿದ್ದ! ಅದಕ್ಕೇ ಹೇಳೋದು, ವಾಪಸ್ ಕೊಡಬೇಡಿ.

"ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತೆ ಸರ್, ನಾವೂ ಬಿಡಲೇಬೇಕಲ್ಲ?" ಸಿಗುತ್ತೆ. ತಗೊಳ್ಳೋರು ತಗೊಳ್ಳಲಿ. ಅದು ಕಂಪನಿ ತನ್ನ ಬೆಲೆಯಲ್ಲೇ ಕೊಡೋ ರಿಯಾಯಿತಿ, ನಿಮ್ಮ ಮನೆ ಅಕ್ಕಿ ಅಲ್ಲ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯಲ್ಲಿ ಕ್ಲೇಮ್ ನೋಡೋ ಟಿಪಿಎ ಡೆಸ್ಕ್ ಹತ್ತಿರ ಬಂದು ನಿಲ್ಲೋದು ವೆಬ್‌ಸೈಟ್ ಅಲ್ಲ, ನೀವು.

"ಮನೆಯವರೇ ಕೇಳ್ತಾರೆ ಸರ್, ಸೋದರಮಾವ ಬೇಜಾರು ಮಾಡ್ಕೋತಾರೆ." ಮಾಡ್ಕೊಳ್ಳಲಿ! ಮಾವನ ಹೋಟೆಲ್‌ನಲ್ಲಿ ದೋಸೆ ತಿಂದು ಲಾಭ ವಾಪಸ್ ಕೊಡಿ ಅಂತ ನೀವು ಯಾವತ್ತಾದರೂ ಕೇಳಿದ್ದೀರಾ? ಇಲ್ಲ ತಾನೇ? ಮತ್ತೆ?

ಅಷ್ಟಕ್ಕೂ ರಿಯಾಯಿತಿ ಬೇಕು ಅಂದವರಿಗೆ ಹೇಳಿ, ಸರ್ಕಾರವೇ ಕೊಟ್ಟಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಲೈಫ್, ಹೆಲ್ತ್ ಪಾಲಿಸಿಗಳ ಮೇಲೆ ಜಿಎಸ್‌ಟಿ ಇಲ್ಲ. ಮೊದಲು ಹೆಲ್ತ್‌ಗೆ, ಟರ್ಮ್‌ಗೆ ಶೇ 18 ಇತ್ತು. ಅದಾದ ಮೇಲೆ ಕೆಲವು ಕಂಪನಿಗಳು ಏಜೆಂಟರ ಕಮಿಷನ್‌ಗೇ ಕತ್ತರಿ ಹಾಕಿವೆ. ಕಂಪನಿ ಆ ಕಡೆಯಿಂದ ಕತ್ತರಿಸುತ್ತೆ, ಗ್ರಾಹಕ ಈ ಕಡೆಯಿಂದ ಕೇಳ್ತಾನೆ, ನೀವು ನಡುವೆ ನಿಂತು ನಗ್ತಾ ಕೊಡ್ತೀರಿ. ಯಾಕ್ರೀ ಕೊಡ್ತೀರಿ? ಕೊಡಬೇಡಿ. "ಎಲ್ಲರೂ ಕೊಡ್ತಾರೆ"? ಕೊಡಲಿ. ನೀವು ಕೊಡಬೇಡಿ. ಒಂದು ಪಾಲಿಸಿ ಕೈ ತಪ್ಪಿತಾ? ತಪ್ಪಲಿ. ಕೊಡಬೇಡಿ ಅಂದರೆ ಕೊಡಬೇಡಿ!

ನೀರು ಕುಡೀತೀನಿ, ಇರಿ.

ಸರಿ. ಹೊಸದಾಗಿ ಶುರು ಮಾಡಿದವರಿಗೆ ಒಂದು ವಾಟ್ಸಾಪ್ ಗುಂಪು ಮಾಡಿದ್ದೇನೆ, ಲಿಂಕ್ ಕೆಳಗೆ ಇದೆ, ದುಡ್ಡಿಲ್ಲ. ಮುಂದಿನ ವಿಡಿಯೋದಲ್ಲಿ ಹೆಲ್ತ್ ಪ್ರಪೋಸಲ್ ಫಾರಂ ಒಂದೊಂದೇ ಪ್ರಶ್ನೆ ತಗೊಂಡು ತುಂಬಿಸೋಣ. ನಿಮ್ಮ ಕಂಪನಿಯ ಖಾಲಿ ಫಾರಂ ಪ್ರಿಂಟ್ ತೆಗೆದಿಟ್ಟುಕೊಳ್ಳಿ, ಜೊತೆಗೆ ಪೆನ್. ಟರ್ಮ್ ಪ್ಲಾನ್ ಅದಾದ ಮೇಲೆ.