ಹೆಣ್ಣು ಮಗುವಿಗೆ ಅಜ್ಜಿ ಕಾಲದ ಹೆಸರು: ಇಡುವ ಮುಂಚೆ ಇದೊಂದು ಕೇಳಿ

(ದೃಶ್ಯ: ದಾವಣಗೆರೆಯ ಒಂದು ಮನೆಯ ನಡುಮನೆ. ಒರೆಸಿಟ್ಟ ಹಳೇ ಮರದ ತೊಟ್ಟಿಲು. ಪಕ್ಕದಲ್ಲಿ ಚಾಪೆ ಮೇಲೆ ನಿರೂಪಕಿ.)

ನಮಸ್ಕಾರ. ಬರುವ ಭಾನುವಾರ ನಮ್ಮಣ್ಣನ ಮಗಳಿಗೆ ತೊಟ್ಟಿಲು ಶಾಸ್ತ್ರ. ಸೋದರತ್ತೆ ನಾನೇ. ಅಂದರೆ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳೂ ನಾನೇ, ಹೇಳುವಾಗ ಬೆನ್ನಿಗೆ ಗುದ್ದು ತಿನ್ನುವವಳೂ ನಾನೇ. ಹೆಸರು ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ನಮ್ಮ ಅತ್ತಿಗೆಗೆ ಹಳೇ ಹೆಸರೇ ಬೇಕು. ಅಂಗನವಾಡಿ ಬಾಗಿಲಲ್ಲಿ ನಿಂತು 'ಸಾನ್ವಿ' ಅಂತ ಕೂಗಿದರೆ ನಾಲ್ಕು ತಲೆ ತಿರುಗುತ್ತವೆ, ಅದು ಬೇಡ ಅನ್ನುತ್ತಾರೆ. ತಮಾಷೆ ಏನೆಂದರೆ, ಹಳೇ ಹೆಸರು ಬೇಡ ಅನ್ನುತ್ತಿರುವುದು ನಮ್ಮವ್ವ. ಯಾಕವ್ವ ಅಂದರೆ, "ಎಲ್ಲಾ ಹೆಸ್ರೂ ಖುಷಿಯಿಂದ ಇಟ್ಟಿದ್ದಲ್ಲ ಕಣೇ" ಅಂದರು. ಆ ಮಾತಿನಿಂದಲೇ ಈ ವಿಡಿಯೋ ಹುಟ್ಟಿದ್ದು.

(ಪರದೆ ಮೇಲೆ ಅಕ್ಷರ: ತಿಪ್ಪಮ್ಮ)

ಚಳ್ಳಕೆರೆ ಕಡೆ ಹೋದರೆ ಈ ಹೆಸರಿನ ಅಜ್ಜಿಯರು ತುಂಬಾ ಸಿಗುತ್ತಾರೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಗೆ ನಡೆದುಕೊಳ್ಳುವ ಮನೆಗಳಲ್ಲಿ ಗಂಡಾದರೆ ತಿಪ್ಪೇಸ್ವಾಮಿ, ಹೆಣ್ಣಾದರೆ ತಿಪ್ಪಮ್ಮ. "ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ" ಅಂದರಲ್ಲ, ಅದೇ ಸ್ವಾಮಿ. ಇದು ಭಕ್ತಿಯಿಂದ ಬಂದ ಹೆಸರು.

ಆದರೆ ಇದೇ ಹೆಸರು ಇನ್ನೊಂದು ದಾರಿಯಿಂದಲೂ ಬರುತ್ತಿತ್ತು. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ತೀರಿಕೊಂಡ ಮನೆಯಲ್ಲಿ, ಮುಂದಿನ ಕೂಸನ್ನು ಒಂದು ಗಳಿಗೆ ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಬರುತ್ತಿದ್ದರು. ಇದು ಕಸದಲ್ಲಿ ಸಿಕ್ಕಿದ್ದು, ಯಾರ ಕಣ್ಣೂ ಬೀಳದಿರಲಿ, ಸಾವಿಗೂ ಬೇಡವಾಗಲಿ ಅಂತ. ಬೇಡದ ಹೆಸರಿಟ್ಟು ಮಗುವನ್ನು ಉಳಿಸಿಕೊಳ್ಳುವ ಉಪಾಯ. ಇವತ್ತು ಶಾಲೆಯಲ್ಲಿ ಆ ಹೆಸರಿಗೆ ನಗುವ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳುತ್ತಾರೆ?

(ಪರದೆ ಮೇಲೆ: ಸಾಕಮ್ಮ)

ಅತ್ತಿಗೆಯ ಪಟ್ಟಿಯಲ್ಲಿ ಮೊದಲ ಹೆಸರು ಇದೇ ಇತ್ತು. ಕೇಳಲು ಎಷ್ಟು ಮುದ್ದಾಗಿದೆ, ಅಲ್ವಾ? ಸಾಕಿ ಸಲಹುವವಳು ಅಂತ ಅವರ ಲೆಕ್ಕ. ಆದರೆ ಸಾಲಾಗಿ ಮೂರು ನಾಲ್ಕು ಹೆಣ್ಣು ಹುಟ್ಟಿದ ಎಷ್ಟೋ ಮನೆಗಳಲ್ಲಿ 'ದೇವರೇ, ಹೆಣ್ಣು ಇನ್ನು ಸಾಕು' ಅಂತಲೂ ಇದೇ ಹೆಸರು ಇಡುತ್ತಿದ್ದರು. ಅವ್ವ ಇದನ್ನು ಹೇಳಿದ ಕೂಡಲೇ ಅತ್ತಿಗೆ ಪೆನ್ ತೆಗೆದುಕೊಂಡು ಹೊಡೆದು ಹಾಕಿದರು. ನಿಮ್ಮ ಅಜ್ಜಿ ಸಾಕಮ್ಮ ಆಗಿದ್ದರೆ ಬೇಜಾರಾಗಬೇಡಿ, ಎಲ್ಲರಿಗೂ ಹಾಗೇ ಇಟ್ಟಿದ್ದಲ್ಲ. ಮನೆಯ ಹಿರಿಯರನ್ನು ಒಮ್ಮೆ ಕೇಳಿ, ಅಷ್ಟೇ.

(ದೃಶ್ಯ: ದುಗ್ಗಮ್ಮನ ಗುಡಿಯ ಮುಂದಿನ ಬೀದಿ, ಹೂವಿನ ಅಂಗಡಿಗಳು)

ಇನ್ನು ಕೆಲವು ಹೆಸರು ನಾವು ಸುಮ್ನೆ ಹಳ್ಳಿ ಹೆಸರು ಅಂದುಕೊಂಡು ಬಿಟ್ಟಿದ್ದೇವೆ. ಈ ಗುಡಿಯನ್ನೇ ನೋಡಿ. ದೇವಿಯ ಹೆಸರು ದುರ್ಗಾಂಬಿಕೆ. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ದುರ್ಗಾಂಬಿಕಾ ಜಾತ್ರೆ ಅಂತ ಆಮಂತ್ರಣ ಪತ್ರಿಕೆಯಲ್ಲಿ ಓದುತ್ತೇವೆ, ಬಾಯಲ್ಲಿ ಮಾತ್ರ ದುಗ್ಗಮ್ಮನ ಜಾತ್ರೆ. ಲಕ್ಷ್ಮಿ ಲಕ್ಕಮ್ಮ ಆದಳು. ವೀರಮ್ಮ ಈರಮ್ಮ ಆದಳು. ಹೆಸರು ಅದೇ, ನಮ್ಮ ಬಾಯಲ್ಲಿ ತಿರುಗಿ ತಿರುಗಿ ನುಣುಪಾಗಿದೆ.

ಓಬವ್ವನೂ ಹಾಗೇ. ಅಹೋಬಲ ಅಂದರೆ ಆಂಧ್ರದ ನರಸಿಂಹನ ಕ್ಷೇತ್ರ. ಅದು ಓಬಳ ಆಗಿ, ನಮ್ಮ ಕಡೆ ಓಬಣ್ಣ, ಓಬಯ್ಯ, ಓಬವ್ವ ಬಂದರು. ಚಿತ್ರದುರ್ಗದ ಕೋಟೆಯಲ್ಲಿ ಓಬವ್ವನ ಕಿಂಡಿ ತೋರಿಸದೆ ಯಾವ ಗೈಡೂ ಬಿಡುವುದಿಲ್ಲ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಒನಕೆ ಓಬವ್ವ ಜಯಂತಿ ಮಾಡುತ್ತದೆ. ಆದರೆ ಮಗು ರೋಹಿಣಿ ನಕ್ಷತ್ರದ ಮೊದಲ ಪಾದದಲ್ಲಿ ಹುಟ್ಟಿ 'ಓ' ಅಕ್ಷರ ಬಂತು ಅನ್ನಿ, ಅಪ್ಪ ಅಮ್ಮ ರಾತ್ರಿಯೆಲ್ಲಾ ಮೊಬೈಲಲ್ಲಿ ಹುಡುಕಿ ಓಜಸ್ವಿ ಅಂತ ತರುತ್ತಾರೆ. ಓಬವ್ವ ಅಲ್ಲೇ ಕಿಂಡಿ ಹತ್ತಿರ ನಿಂತಿರುತ್ತಾಳೆ!

(ದೃಶ್ಯ: ಹಿರಿಯೂರಿನ ವಾಣಿ ವಿಲಾಸ ಸಾಗರ)

ಇದು ಹಳ್ಳಿಯವರ ಹೆಸರು ಅಂತ ಮೂಗು ಮುರಿಯುವವರಿಗೆ ಈ ಅಣೆಕಟ್ಟು ತೋರಿಸಿ. 1907ರಲ್ಲಿ ಕಟ್ಟಿ ಮುಗಿಸಿದ್ದು. ವಾಣಿ ವಿಲಾಸ ಅನ್ನುವುದು ಮೈಸೂರು ಮಹಾರಾಣಿಯ ಬಿರುದು. ಹೆಸರು ಕೆಂಪನಂಜಮ್ಮಣ್ಣಿ.

(ಮತ್ತೆ ನಡುಮನೆ)

ಈಗ ನಮ್ಮ ಮನೆಯ ನಿಜವಾದ ತೊಡಕಿಗೆ ಬರುತ್ತೇನೆ. ಅಜ್ಜಿ ಹೆಸರನ್ನೇ ಮಗುವಿಗೆ ಇಟ್ಟರೆ ಸೊಸೆ ಅದನ್ನು ಬೈಯುವುದು ಹೇಗೆ? ಅತ್ತೆ ಪಡಸಾಲೆಯಲ್ಲಿ ಕೂತಿರುವಾಗ, ಅವರ ಹೆಸರು ಹಿಡಿದು "ಏಯ್, ಮಣ್ಣು ತಿನ್ನಬೇಡ್ವೇ" ಅನ್ನೋಕಾಗುತ್ತಾ? ಅದಕ್ಕೇ ಇಂಥ ಮನೆಗಳಲ್ಲಿ ಮಗು ಅಮ್ಮಣ್ಣಿ ಆಗುತ್ತದೆ, ಚಿನ್ನಿ ಆಗುತ್ತದೆ, ಕೆಲವು ಕಡೆ 'ಅಜ್ಜಿ' ಅಂತಲೇ ಕರೆಯುತ್ತಾರೆ. ಹೆಸರು ರೇಷನ್ ಕಾರ್ಡಿನಲ್ಲಿ ಉಳಿಯುತ್ತದೆ. ಬರೀ ಕಾಗದದ ಮೇಲೆ ಇರುವುದಾದರೆ ಆ ಹೆಸರು ಇಡಲೇಬೇಡಿ ಅನ್ನುತ್ತೇನೆ ನಾನು.

ಕತ್ತರಿಸಿ ಚಿಕ್ಕದು ಮಾಡಬಹುದಲ್ಲ ಅನ್ನುತ್ತೀರಿ. ಗೌರಮ್ಮ ಗೌರಿ ಆದರೆ ಚೆಂದ. ಹೊನ್ನಮ್ಮ ಹೊನ್ನಿ, ಅದೂ ಸರಿ. ದುಗ್ಗಮ್ಮನನ್ನು ಕತ್ತರಿಸಿದರೆ ಏನು ಉಳಿಯುತ್ತದೆ ನೀವೇ ಹೇಳಿ. ತಾರಸಿ ಮೇಲೆ ನಿಂತು ಕೆಳಗೆ ಆಡುವ ಮಗುವನ್ನು ಕರೆಯುವ ಹಾಗೆ ಮೂರು ಸಲ ಜೋರಾಗಿ ಕೂಗಿ ನೋಡಿ. ನಿಮಗೇ ನಾಚಿಕೆ ಆದರೆ ಮಗುವಿನ ತಲೆಗೆ ಕಟ್ಟಬೇಡಿ.

ಕಾಗದದ ಮಾತು ಬೇಗ ಹೇಳಿ ಮುಗಿಸುತ್ತೇನೆ. ಜನನ ನೋಂದಣಿ 21 ದಿನದೊಳಗೆ ಆಗಬೇಕು, ಆದರೆ ಹೆಸರಿಗೆ ಅಷ್ಟು ಅವಸರ ಇಲ್ಲ. 12 ತಿಂಗಳೊಳಗೆ ಸೇರಿಸಿದರೆ ಶುಲ್ಕವಿಲ್ಲ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ, ಆಧಾರ್, ಪಾಸ್‌ಪೋರ್ಟ್ ಎಲ್ಲಕ್ಕೂ ಈ ಪ್ರಮಾಣಪತ್ರವೇ ಆಧಾರ. ಹಳೇ ಹೆಸರುಗಳಲ್ಲಿ ಒತ್ತಕ್ಷರ ಜಾಸ್ತಿ, ಇಂಗ್ಲಿಷಿನಲ್ಲಿ 'ಳ' ಅಕ್ಷರವೇ ಇಲ್ಲ. ಹಾಗಾಗಿ ಸ್ಪೆಲಿಂಗ್ ಮನೆಯಲ್ಲೇ ಬರೆದುಕೊಂಡು ಹೋಗಿ. ನನ್ನ ಹೆಸರು ಎರಡು ದಾಖಲೆಯಲ್ಲಿ ಎರಡು ಥರ ಇದೆ, ಅದನ್ನು ಸರಿ ಮಾಡಿಸಲು ಅಲೆದದ್ದು ಇನ್ನೊಂದು ವಿಡಿಯೋ ಆಗುತ್ತದೆ.

(ಒಳಗಿನಿಂದ ಮಗು ಅಳುವ ಸದ್ದು. ನಿರೂಪಕಿ ಆ ಕಡೆ ತಿರುಗುತ್ತಾಳೆ.)

ನಿನ್ನೆ ರಾತ್ರಿ ಅವ್ವ ಒಂದು ಹೆಸರು ಹೇಳಿದರು. ಅವರ ಸೋದರತ್ತೆಯದಂತೆ. ಯಾಕೆ ಇಟ್ಟರು ಅಂತಲೂ ಹೇಳಿದರು, ಅದು ಖುಷಿಯಿಂದ ಇಟ್ಟದ್ದೇ. ಅತ್ತಿಗೆ ತಾರಸಿಗೆ ಹೋಗಿ ಕೂಗಿಯೂ ಬಂದರು. ಪಕ್ಕದ ಮನೆಯ ಅಜ್ಜಿಯೊಬ್ಬರು "ಏನವ್ವಾ?" ಅಂತ ಹೊರಗೆ ಬಂದುಬಿಟ್ಟರು. ಯಾವ ಹೆಸರು ಅಂತ ಈಗ ಕೇಳಬೇಡಿ. ಭಾನುವಾರ ಗುದ್ದು ತಿಂದ ಮೇಲೆ ಹೇಳುತ್ತೇನೆ.