ಅಳಿವೆಗೆ ಎರಡು ದೀಪ ಬೇಕು

ನಮಸ್ಕಾರ. ಇವತ್ತು ನಮ್ಮ ಅಳಿವೆ ಬಾಗಿಲಿನ ವಿಷಯ.

ಕಾಸರಗೋಡಿನ ಕಡಲ ಕರೆಯವರಿಗೆ ಅಳಿವೆ ಅಂದ್ರೆ ಏನು ಅಂತ ಹೇಳಬೇಕಾಗಿಲ್ಲ. ಚಂದ್ರಗಿರಿ ಹೊಳೆ ಇರಲಿ, ಶಿರಿಯ ಹೊಳೆ ಇರಲಿ, ಕಡಲು ಸೇರುವ ಜಾಗದಲ್ಲಿ ಮರಳು ಬಂದು ಕೂರುತ್ತದೆ. ನಡುವೆ ದೋಣಿ ನುಗ್ಗುವಷ್ಟು ದಾರಿ. ಹಗಲಲ್ಲಿ ತೆರೆ ಒಡೆಯುವುದನ್ನು ನೋಡಿ ದಾರಿ ಹುಡುಕಬಹುದು. ರಾತ್ರಿ?

ನಾನು ಚಿಕ್ಕವನಿದ್ದಾಗ ಒಂದು ರಾತ್ರಿ ಮಾವನ ದೋಣಿಯಲ್ಲಿ ಬರುತ್ತಿದ್ದೆ. ಅಳಿವೆ ಹತ್ತಿರವಾದಾಗ ಮಾವ ಮಾತು ನಿಲ್ಲಿಸಿದರು. ದಡದಲ್ಲಿ ಐಸ್ ಪ್ಲಾಂಟಿನ ಬಲ್ಬ್, ಅದರ ಹಿಂದೆ ಗುಡ್ಡದ ಮೇಲೆ ಯಾರದೋ ಮನೆಯ ಲೈಟ್. "ಎರಡೂ ಒಂದರ ಮೇಲೊಂದು ಬಂದ್ರೆ ದಾರಿ ಸರಿ, ಮಗಾ" ಅಂದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಎರಡೂ ಮಾಯ. ಇಂಜಿನ್ ಸಣ್ಣ ಮಾಡಿ, ಮರಳಿಗೆ ತೆರೆ ಬಡಿಯುವ ಸದ್ದು ಕೇಳುತ್ತಾ ಹೊರಗೇ ಕಾದೆವು. ಮಾವನ ಕೈ ಚುಕ್ಕಾಣಿಯಿಂದ ಕದಲಲಿಲ್ಲ.

ಮಾವ ನೆಚ್ಚಿಕೊಂಡಿದ್ದ ಈ ಉಪಾಯಕ್ಕೆ ನಾವಿಕರು ಲೀಡಿಂಗ್ ಲೈಟ್ಸ್ ಅನ್ನುತ್ತಾರೆ. ಮುಂದಿನ ದೀಪ ನೀರಿನ ಹತ್ತಿರ, ತಗ್ಗಿನಲ್ಲಿ. ಹಿಂದಿನದು ದೂರದಲ್ಲಿ, ಎತ್ತರದಲ್ಲಿ. ಎರಡೂ ನೆಟ್ಟಗೆ ನಿಂತರೆ ನೀವು ದಾರಿಯ ನಡುವೆ ಇದ್ದೀರಿ. ಗಾಳಿ ನಿಮ್ಮನ್ನು ಬಲಕ್ಕೆ ತಳ್ಳಿದರೆ ಕೆಳಗಿನ ದೀಪ ಎಡಕ್ಕೆ ಸರಿದ ಹಾಗೆ ಕಾಣುತ್ತದೆ. ಅದು ಸರಿದ ಕಡೆಗೇ ದೋಣಿ ತಿರುಗಿಸಿ, ಅಷ್ಟೇ. ಒಂಟಿ ದೀಪಸ್ತಂಭ ದಡ ಎಲ್ಲಿದೆ ಅಂತ ಹೇಳುತ್ತದೆ. ಆದ್ರೆ ದಾರಿ ತಪ್ಪಿದ್ದೀಯಾ ಅಂತ ಹೇಳೋದಕ್ಕೆ ಎರಡು ಬೇಕು.

ಈಗ ಮೊಬೈಲಲ್ಲಿ ಜಿಪಿಎಸ್ ಇದೆಯಲ್ಲ ಅಂತೀರಿ. ಇದೆ, ಒಳ್ಳೆಯದೇ. ಆದ್ರೆ ತೆರೆ ದೋಣಿಯನ್ನು ಎತ್ತಿ ಹಾಕುವಾಗ, ಒದ್ದೆ ಕೈಯಲ್ಲಿ, ಉಪ್ಪು ನೀರು ಹಾರಿದ ಸ್ಕ್ರೀನ್ ನೋಡುತ್ತಾ ಅಳಿವೆ ದಾಟೋದು ಕಷ್ಟ. ಕಣ್ಣು ಮುಂದೆ ಇರಬೇಕು. ಕೇರಳದಲ್ಲಿ ಮಳೆಗಾಲದ 52 ದಿನ ಟ್ರಾಲ್ ಬೋಟುಗಳಿಗೆ ನಿಷೇಧ. ಆಗಲೂ ಕಡಲಿಗೆ ಇಳಿಯುವವರು ಸಣ್ಣ ದೋಣಿಯವರು. ಅಳಿವೆ ಜಾಸ್ತಿ ಕೆಡುವುದೂ ಆಗಲೇ, ಅಲ್ವಾ?

ಇಂಗ್ಲೆಂಡಿನ ಟೈನ್ ನದಿಯ ಬಾಯಲ್ಲಿ ನಾರ್ತ್ ಶೀಲ್ಡ್ಸ್ ಅಂತ ಊರಿದೆ. ಅಲ್ಲೂ ಬಂಡೆ, ಅಲ್ಲೂ ಮರಳು. ಜೋಡಿ ದೀಪ ಕಟ್ಟಲು 1536ರಲ್ಲೇ ರಾಜನ ಅನುಮತಿ ಸಿಕ್ಕಿತ್ತು. ಮುಂದೆ ನೀರಿನ ದಾರಿ ಸರಿಯಿತು. ಹಳೆಯ ದೀಪಗಳನ್ನೇ ನಂಬಿದರೆ ಹಡಗು ದಿಬ್ಬಕ್ಕೇ ಹೋಗುತ್ತಿತ್ತು. ಹಾಗಾಗಿ 1808ರಿಂದ 1810ರ ನಡುವೆ ಬೇರೆ ಜಾಗದಲ್ಲಿ ಹೊಸ ಜೋಡಿ ಕಟ್ಟಿದರು. ಅಮೆರಿಕದ ಡೆಲವೇರ್ ನದಿಯ ಫಿನ್ಸ್ ಪಾಯಿಂಟಿನಲ್ಲಿ ಇಂಥದೇ ಜೋಡಿ ದೀಪದ 115 ಅಡಿಯ ಕಬ್ಬಿಣದ ಗೋಪುರ ಇವತ್ತಿಗೂ ನಿಂತಿದೆ. ಹಡಗಿನ ದಾರಿ ಬದಲಾದ ಮೇಲೆ, 1950ರಲ್ಲಿ, ಅದರ ದೀಪ ಆರಿಸಿದರು.

ಅದಕ್ಕೇ ನಾನು ಸಿಮೆಂಟಿನ ದೊಡ್ಡ ಗೋಪುರ ಕೇಳುತ್ತಿಲ್ಲ. ನಮ್ಮ ಮರಳು ಒಂದು ಮಳೆಗಾಲದಲ್ಲೇ ಜಾಗ ಬದಲಿಸುತ್ತದೆ. ಕಿತ್ತು ಬೇರೆ ಕಡೆ ನೆಡಬಹುದಾದ ಎರಡು ಕಂಬ, ಎರಡಕ್ಕೂ ಸೋಲಾರ್ ದೀಪ ಸಾಕು. ಪ್ರತಿ ವರ್ಷ ಮಳೆ ನಿಂತ ಮೇಲೆ ಆಳ ಅಳೆದು ಕಂಬ ಸರಿಸಬೇಕು. ಅಳೆಯುವಾಗ ದಿನಾ ಅಳಿವೆ ದಾಟುವವರನ್ನೇ ಜೊತೆಗೆ ಕರೆದುಕೊಂಡು ಹೋಗಬೇಕು. ಸುಮ್ನೆ ಆಫೀಸಲ್ಲಿ ಕೂತು ನಕ್ಷೆಯಲ್ಲಿ ಗೆರೆ ಎಳೆದರೆ ಆಗಲ್ಲ.

ಮಾವ ಈಗ ಕಡಲಿಗೆ ಹೋಗುವುದಿಲ್ಲ. ಅವರ ಮಗ ಹೋಗುತ್ತಾನೆ. ಐಸ್ ಪ್ಲಾಂಟ್ ಮುಚ್ಚಿದೆ. ಗುಡ್ಡದ ಮನೆಗೆ ಅಡ್ಡವಾಗಿ ಮೂರು ಮಾಳಿಗೆ ಕಟ್ಟಡ ಎದ್ದಿದೆ. ಮುಂದಿನ ಗ್ರಾಮಸಭೆಗೆ ನಾನು ಈ ಬೇಡಿಕೆ ಬರೆದುಕೊಂಡು ಹೋಗುತ್ತೇನೆ. ನಿಮ್ಮೂರಿನ ಅಳಿವೆಯಲ್ಲಿ ಯಾವ ಎರಡು ಗುರುತು ನೋಡಿ ದೋಣಿ ಒಳಗೆ ತರುತ್ತಾರೆ ಅಂತ ಹಿರಿಯರನ್ನು ಕೇಳಿ ನನಗೆ ತಿಳಿಸಿ. ಅದನ್ನೂ ಸೇರಿಸಿ ಕೊಡುತ್ತೇನೆ.