ಯಾವ ಕ್ಷಣದಿಂದ ಕಾಣುತ್ತಿತ್ತು? ಅಪಘಾತದ ಮರುಪರಿಶೀಲನೆಯಲ್ಲಿ ಚಾಲಕನ ದೃಷ್ಟಿರೇಖೆ

ಮಾನ್ಯರೇ,

ನಮ್ಮ ಜಿಲ್ಲೆಗಳಲ್ಲಿ ದಾಖಲಾಗುವ ಅಪಘಾತದ ದೂರುಗಳನ್ನು ಓದಿದವರಿಗೆ 'ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು' ಎಂಬ ಸಾಲು ಬಾಯಿಪಾಠವಾಗಿರುತ್ತದೆ. ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಮಿಗೂ, ಸಾವು ಸಂಭವಿಸಿದ್ದರೆ 106ನೇ ಕಲಮಿಗೂ ಆ ಮಾತು ಬೇಕೇ ಬೇಕು. ಆದರೆ ಚಾಲಕ ಅಜಾಗರೂಕನಾಗಿದ್ದನೆಂದು ಹೇಳುವ ಮೊದಲು, ಎದುರಿನ ವ್ಯಕ್ತಿ ಅವನಿಗೆ ಯಾವ ಕ್ಷಣದಿಂದ ಕಾಣಲು ಸಾಧ್ಯವಿತ್ತು, ಅಲ್ಲಿಂದ ಡಿಕ್ಕಿಯವರೆಗೆ ಎಷ್ಟು ಸಮಯ ಉಳಿದಿತ್ತು ಎಂಬುದನ್ನು ಅಳೆಯಬೇಕು. ಸ್ಥಳ ಮಹಜರಿನಲ್ಲಿ ಟಯರಿನ ಗುರುತು, ಗಾಜಿನ ಚೂರು, ರಸ್ತೆಯ ಅಗಲ ಬರುತ್ತವೆ. ದೃಷ್ಟಿರೇಖೆ, ಅಂದರೆ ಚಾಲಕನ ಕಣ್ಣಿನಿಂದ ಎದುರಿನ ವ್ಯಕ್ತಿಯವರೆಗಿನ ನೇರ ನೋಟದ ಗೆರೆ, ಬರುವುದು ಅಪರೂಪ.

ಅಳತೆ ಶುರುವಾಗಬೇಕಾದದ್ದು ಕಣ್ಣಿನ ಎತ್ತರದಿಂದ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ರಸ್ತೆ ವಿನ್ಯಾಸಕ್ಕಾಗಿ ಚಾಲಕನ ಕಣ್ಣನ್ನು 1.2 ಮೀಟರ್ ಎತ್ತರದಲ್ಲಿ, ರಸ್ತೆಯ ಮೇಲಿನ ವಸ್ತುವನ್ನು 0.15 ಮೀಟರ್ ಎತ್ತರದಲ್ಲಿ ಇಟ್ಟುಕೊಂಡು, 2.5 ಸೆಕೆಂಡಿನ ಪ್ರತಿಕ್ರಿಯಾ ಅವಧಿಯೊಂದಿಗೆ, ಗಂಟೆಗೆ 60 ಕಿಲೋಮೀಟರ್ ವೇಗಕ್ಕೆ 80 ಮೀಟರ್ ದೃಷ್ಟಿದೂರ (ವಸ್ತುವನ್ನು ಕಂಡು ವಾಹನ ನಿಲ್ಲಿಸಲು ಬೇಕಾದ ದೂರ) ಬೇಕೆನ್ನುತ್ತದೆ. ಇದು ರಸ್ತೆ ಕಟ್ಟುವವರ ಲೆಕ್ಕ. ಅದನ್ನೇ ತಂದು ನಿರ್ದಿಷ್ಟ ಚಾಲಕನೊಬ್ಬನ ತಪ್ಪೊಪ್ಪು ತೀರ್ಮಾನಿಸುವುದು ಸರಿಯಲ್ಲ. ಅಲ್ಲಿ ಆ ವಾಹನದ ಆಸನದಲ್ಲಿ ಆ ಚಾಲಕನನ್ನೇ ಅಥವಾ ಅವನಷ್ಟೇ ಎತ್ತರದವರನ್ನು ಕೂರಿಸಿ ಅಳೆಯಬೇಕು. ರಾಷ್ಟ್ರೀಯ ಹೆದ್ದಾರಿ 66ರ ಡಿವೈಡರ್ ತೆರೆದಿರುವ ಕಡೆ ಒಂದೂವರೆ ಮೀಟರ್ ಬೆಳೆದ ಗಿಡಗಳಿದ್ದರೆ ಎಕ್ಸ್‌ಪ್ರೆಸ್ ಬಸ್ಸಿನ ಚಾಲಕ ಅವುಗಳ ಮೇಲಿನಿಂದ ನೋಡಬಲ್ಲ, ಕಾರಿನವನಿಗೆ ಎಲೆಯಷ್ಟೇ ಕಾಣುತ್ತದೆ. ಮುರಕಲ್ಲಿನ ಕಂಪೌಂಡು ಎಲ್ಲಿಗೂ ಹೋಗುವುದಿಲ್ಲ, ನಿಧಾನವಾಗಿ ಅಳೆಯಬಹುದು. ಮಳೆಗಾಲದಲ್ಲಿ ಎದ್ದ ಹುಲ್ಲು ಮತ್ತು ತಿರುವಿನಲ್ಲಿ ಕಟ್ಟಿದ ದೇವಸ್ಥಾನದ ಬ್ರಹ್ಮಕಲಶೋತ್ಸವದ ಫ್ಲೆಕ್ಸ್ ಹಾಗಲ್ಲ. ತಜ್ಞರು ಬರುವ ಹೊತ್ತಿಗೆ ಎರಡೂ ಮಾಯವಾಗಿರುತ್ತವೆ.

ನಿಂತ ಸಿಟಿ ಬಸ್ಸಿನ ಮುಂದಿನಿಂದ ಪಾದಚಾರಿಯೊಬ್ಬರು ರಸ್ತೆ ದಾಟಲು ಹೊರಟ ಪ್ರಕರಣವನ್ನು ತೆಗೆದುಕೊಳ್ಳೋಣ. ಅವರು ಸೆಕೆಂಡಿಗೆ 1.4 ಮೀಟರಿನಂತೆ ನಡೆಯುತ್ತಾರೆ, ಬಸ್ಸಿನ ಮರೆಯಿಂದ ಹೊರಬಂದು 2 ಮೀಟರ್ ನಡೆದಾಗ ಕಾರು ತಾಗುತ್ತದೆ ಎಂದಿಟ್ಟುಕೊಂಡರೆ, ಅವರು ಚಾಲಕನಿಗೆ ಕಂಡದ್ದು ಹೆಚ್ಚೆಂದರೆ 1.4 ಸೆಕೆಂಡು. ಕಂಡು, ಗ್ರಹಿಸಿ, ಬ್ರೇಕ್ ಹಿಡಿಯಲು 1.5 ಸೆಕೆಂಡು ಬೇಕಾಗುವ ಚಾಲಕನ ಬ್ರೇಕು ಡಿಕ್ಕಿಗೆ ಮೊದಲು ಹತ್ತುವುದೇ ಇಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ 1.4 ಸೆಕೆಂಡನ್ನು ನಿರ್ಧರಿಸಿದ್ದು ಮುಖ್ಯವಾಗಿ ಪಾದಚಾರಿಯ ನಡಿಗೆ ಮತ್ತು ಬಸ್ಸಿಗೂ ಕಾರಿಗೂ ನಡುವಿನ ಅಂತರ, ಕಾರಿನ ವೇಗವಲ್ಲ. ಆದ್ದರಿಂದ ಟಯರಿನ ಗುರುತಿಲ್ಲ ಎಂಬ ಕಾರಣಕ್ಕೆ ಚಾಲಕ ನೋಡಲೇ ಇಲ್ಲ ಎಂದು ಬರೆಯುವುದು ದುಡುಕಿನ ಮಾತು.

ಹಾಗೆಂದು ಚಾಲಕನಿಗೆ ಜವಾಬ್ದಾರಿಯಿಲ್ಲವೆಂದಲ್ಲ. ಅದೇ ಕಾರು ಬಸ್ಸಿನಿಂದ ಇನ್ನೊಂದು ಮೀಟರ್ ದೂರದಲ್ಲಿ ಸಾಗಿದ್ದರೆ ಕಾಣುವ ಅವಧಿ 2.1 ಸೆಕೆಂಡಿಗೆ ಏರುತ್ತಿತ್ತು. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಿಡಿದರೆ, ಡಿಕ್ಕಿಯ ಹೊತ್ತಿಗೆ ಸುಮಾರು 24ಕ್ಕೆ ಇಳಿದಿರುತ್ತಿತ್ತು. 20ರಲ್ಲಿ ಬಂದಿದ್ದರೆ ಬಹುತೇಕ ನಿಂತೇ ಬಿಡುತ್ತಿತ್ತು. ಅಜಾಗರೂಕತೆಯನ್ನು ಹುಡುಕಬೇಕಾದದ್ದು ಇಂಥ ಕಡೆ, ಅಂದರೆ ನಿಂತ ಬಸ್ಸನ್ನು ಆತ ಹೇಗೆ ದಾಟಲು ಹೊರಟ ಎಂಬಲ್ಲಿ.

ವಾಹನವೂ ಸ್ವತಃ ಮರೆ ಮಾಡುತ್ತದೆ. ಮುಂಗಾಜಿನ ಪಕ್ಕದ ಕಂಬ ಚಾಲಕನ ಎರಡೂ ಕಣ್ಣುಗಳಿಗೆ 6 ಡಿಗ್ರಿಯಷ್ಟು ನೋಟವನ್ನು ತಡೆದರೆ, 20 ಮೀಟರ್ ದೂರದಲ್ಲಿ 2.1 ಮೀಟರ್ ಅಗಲದ ಜಾಗ ಮರೆಯಾಗುತ್ತದೆ. ಒಂದು ಸ್ಕೂಟರ್ ಇಡಿಯಾಗಿ ಅದರೊಳಗೆ ಅಡಗುತ್ತದೆ. ಅಡ್ಡರಸ್ತೆಯಿಂದ ಬರುವ ಸ್ಕೂಟರೂ ಕಾರೂ ತಮ್ಮ ತಮ್ಮ ವೇಗ ಬದಲಿಸದೆ, ಒಂದೇ ಕ್ಷಣಕ್ಕೆ ಕೂಡುರಸ್ತೆ ತಲುಪುವಂತೆ ಬರುತ್ತಿದ್ದರೆ ಚಾಲಕನಿಂದ ಸ್ಕೂಟರ್ ಇರುವ ದಿಕ್ಕಿನ ಕೋನ ಬದಲಾಗುವುದೇ ಇಲ್ಲ. ತಲೆಯನ್ನು ಮುಂದಕ್ಕೆ ಬಾಗಿಸಿ ನೋಡದ ಹೊರತು ಅದು ಕೊನೆಯವರೆಗೂ ಕಂಬದ ಹಿಂದೆಯೇ ಉಳಿಯಬಹುದು.

ಬೆಳಕಿನ ವಿಚಾರದಲ್ಲಿ ಸ್ಥಳದ ಜೊತೆಗೆ ದಿನವೂ ಮುಖ್ಯ. ಮಣಿಪಾಲದಿಂದ ಉಡುಪಿಗೆ ಸಂಜೆ ಇಳಿಯುವವರಿಗೆ ಸೂರ್ಯ ಎದುರಾಗುತ್ತಾನೆ, ಆದರೆ ವರ್ಷವಿಡೀ ಒಂದೇ ಕಡೆ ಅಲ್ಲ: ಡಿಸೆಂಬರ್ ಕೊನೆಯಲ್ಲಿ ನೇರ ಪಶ್ಚಿಮದಿಂದ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನ್ ಕೊನೆಯಲ್ಲಿ ಅಷ್ಟೇ ಉತ್ತರಕ್ಕೆ ಮುಳುಗುತ್ತಾನೆ. ಮಾರ್ಚಿನ ಅಪಘಾತಕ್ಕೆ ಜೂನ್‌ನಲ್ಲಿ ಹೋಗಿ ಚಿತ್ರ ತೆಗೆದರೆ, ಅದರಿಂದ ಕಣ್ಣುಕುಕ್ಕಿತ್ತೋ ಇಲ್ಲವೋ ಎಂಬುದು ತಿಳಿಯದು.

ರಾತ್ರಿಯ ಪ್ರಕರಣಗಳಲ್ಲಿ ಈಚೆಗೆ ಹೊಸ ತೊಡಕೊಂದು ಸೇರಿಕೊಂಡಿದೆ. ಮೊಬೈಲಿನ ನೈಟ್ ಮೋಡ್ ಹಲವು ಚಿತ್ರಗಳನ್ನು ಕೂಡಿಸಿ ಕತ್ತಲೆಯನ್ನು ಬೆಳಗಿಸುತ್ತದೆ. ಚಾಲಕನಿಗೆ ಕಾಣದ ಕಪ್ಪಂಗಿಯ ವ್ಯಕ್ತಿ ಅದರಲ್ಲಿ ಸ್ಪಷ್ಟವಾಗಿ ನಿಂತಿರುತ್ತಾರೆ. ಚಿತ್ರವನ್ನು ಅದೇ ಜಾಗದಲ್ಲಿ, ಅದೇ ಕತ್ತಲೆಯಲ್ಲಿ ಕಣ್ಣಿಗೆ ಕಂಡದ್ದರೊಂದಿಗೆ ಹೋಲಿಸಿ ಸರಿಹೊಂದಿಸಿದ ಮೇಲಷ್ಟೇ ಅದಕ್ಕೆ ಬೆಲೆ. ಇಲ್ಲಿರುವ ಯುವ ವಕೀಲರು ಅಂಥ ಚಿತ್ರ ಹಾಜರಾದಾಗ ಪಾಟೀಸವಾಲಿನಲ್ಲಿ ಮೊದಲು ಕೇಳಬೇಕಾದದ್ದು ಕ್ಯಾಮೆರಾ ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಯಾವ ಮೋಡ್‌ನಲ್ಲಿತ್ತು, ವಾಹನದ ದೀಪ ಡಿಮ್‌ನಲ್ಲಿತ್ತೋ ಬ್ರೈಟ್‌ನಲ್ಲಿತ್ತೋ ಎಂಬುದನ್ನು.